ನಿಗಡಿಯಿಂದ ಕುರಕುಂಭಕ್ಕೆ, ಸರಪಳಿ ಜಗ್ಗುತ್ತ

ಡಿಸೆಂಬರಿನ ಒಂದು ಬೆಳಿಗ್ಗೆ, ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿಯಲ್ಲಿ, ನಾನು ಮತ್ತು ಅಕ್ಕ ಪುಣೆ ಪಕ್ಕದ ನಿಗಡಿಯಿಂದ ಕುರಕುಂಭಕ್ಕೆ ಹೊರಟೆವು. ಅದು ಯಾವ ವರ್ಷ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ. ಸೊಲ್ಲಾಪುರದ ರಸ್ತೆಯನ್ನು ಆಗ ಅಗಲ ಮಾಡುತ್ತಿದ್ದರು ಎಂಬುದಷ್ಟೇ ಖಚಿತ. ದೂರ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಎಸ್.ಟಿ. ಬಸ್ಸಿನಲ್ಲಾದರೆ ಮಧ್ಯಾಹ್ನದೊಳಗೆ ಹೋಗಿ ಸೇರಬಹುದಿತ್ತು. ಆದರೆ ನಮ್ಮ ಜೊತೆ ಒಂದು ಟ್ರ್ಯಾಕ್ಟರ್ ಇತ್ತು. ಮುಂದೆ ಮಣ್ಣು ತುಂಬುವ ಬಕೆಟ್, ಹಿಂದೆ ನೆಲ ಅಗೆಯುವ ಉದ್ದ ತೋಳು ಇರುವ ಟ್ರ್ಯಾಕ್ಟರ್. ಮನೆಯಲ್ಲಿ ಅದಕ್ಕೆ 'ಗಾಡಿ' ಎಂದಷ್ಟೇ ಹೆಸರು.

ಗಾಡಿ ಭಾವನದು. ಹಿಂದಿನ ಮಳೆಗಾಲದಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡ ಮೇಲೆ ಅದು ಮನೆಯ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಚಾಕಣದ ಒಬ್ಬರು ಅದನ್ನು ಕೊಳ್ಳಲು ಮುಂದೆ ಬಂದಿದ್ದರು. ನಾವು ಹೊರಟ ದಿನದ ಸಂಜೆಯೊಳಗೆ ಫೋನಿನಲ್ಲಿ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅಷ್ಟರಲ್ಲಿ ಕುರಕುಂಭದ ಕಾರ್ಖಾನೆಯೊಂದರ ಜಾಗದಲ್ಲಿ ಪಾಯ ತೋಡುವ ಕೆಲಸ ಬಂತು. ಭಾವ ಹೋದ ಮೇಲೆ ಅಕ್ಕ ತಾನೇ ಮಾತಾಡಿ ಹಿಡಿದ ಮೊದಲ ಕೆಲಸ. ಅದೇ ದಿನ ಮೂರು ಗಂಟೆಯೊಳಗೆ ಗಾಡಿ ಬರದಿದ್ದರೆ ಪಕ್ಕದ ದೌಂಡಿನಿಂದ ಬೇರೆಯದನ್ನು ತರಿಸುತ್ತೇವೆ ಎಂದು ಅಲ್ಲಿನ ಸೂಪರ್‌ವೈಜರ್ ಹೇಳಿದ್ದ.

"ಕೆಲಸ ಆತು ಅಂದ್ರ ಗಾಡಿ ನಮ್ದು. ಆಗ್ಲಿಲ್ಲಂದ್ರ ಚಾಕಣದವರ್ದು," ಎಂದು ಅಕ್ಕ ಹಿಂದಿನ ದಿನ ರೊಟ್ಟಿ ತಟ್ಟುತ್ತ ಹೇಳಿದ್ದಳು. ತಟ್ಟುವ ಸದ್ದು ಮಾತಿಗಿಂತ ಜೋರಾಗಿತ್ತು.

ಟ್ರ್ಯಾಕ್ಟರನ್ನು ಅಷ್ಟು ದೂರ ಓಡಿಸಿಕೊಂಡು ಹೋದರೆ ಟಯರು ಸವೆಯುತ್ತವೆ, ಇಡೀ ದಿನವೂ ಬೇಕು. ಭಾವ ಯಾವಾಗಲೂ ಲಾರಿಯ ಉದ್ದನೆಯ ಟ್ರೇಲರಿನ ಮೇಲೆ ಹೇರಿಸಿಯೇ ಕಳಿಸುತ್ತಿದ್ದರು. ಅವರು ಸರಪಳಿ ಬಿಗಿಯುವುದನ್ನು ನಾನು ಹಲವು ಸಲ ನೋಡಿದ್ದೆ. ಅದಕ್ಕೇ ಅಕ್ಕ ನನ್ನನ್ನು ಕರೆದದ್ದು. ಆದರೆ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕು ಎಂದು ಅಲ್ಲಿ ಕಲಿತೆ. ಆಮೇಲೆ ಪುಣೆಗೆ ಬಂದು ನಾಲ್ಕಾರು ಕೆಲಸ ಹಿಡಿದು ಬಿಟ್ಟರೂ ಆ ಚಟ ಮಾತ್ರ ಬಿಡಲಿಲ್ಲ. ಹೀಗಾಗಿ ನನ್ನ ನೆನಪನ್ನೂ ನಾನು ಪೂರ್ತಿ ನಂಬುವವನಲ್ಲ.

"ಹಿಂದಿನ ಸರಪಳಿ ಮೊದಲು. ಅಡ್ಡಡ್ಡ, ಕತ್ರಿ ಹಂಗ," ಎಂದೆ.

"ಮುಂದಿನದು ಮೊದಲು," ಅಂದಳು ಅಕ್ಕ. "ಕಿಡಕಿಯಾಗ ನಿಂತು ನೋಡ್ತಿದ್ದೆ ನಾ."

"ಕಿಡಕಿಯಿಂದ ಹಿಂದಿನ ಬಾಜೂ ಕಾಣೂದಿಲ್ಲಲ್ಲ."

"ನಿಂಗ ಎಲ್ಲಾ ಬಾಜೂ ಕಾಣಿಸ್ತಿತ್ತಲ್ಲ, ಹೇಳು ಹಂಗಾರ. ಖಾತ್ರಿ ಏನು?"

ಖಾತ್ರಿ ಇರಲಿಲ್ಲ. ಟ್ರೇಲರಿನ ಚಾಲಕ ಪಾಂಡುರಂಗ ಬೀಡಿ ಎಳೆಯುತ್ತ ನಮ್ಮಿಬ್ಬರ ಜಗಳ ಮುಗಿಯಲೆಂದು ಕಾಯುತ್ತಿದ್ದ. ಭಾವನ ಕಾಲದಿಂದ ಪರಿಚಯದವನು. ಅಕ್ಕನನ್ನು 'ವಹಿನಿ', ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ಭಾವ ಹೇಗೆ ಬಿಗಿಯುತ್ತಿದ್ದರು ಎಂದು ಅವನನ್ನೇ ಕೇಳಿದೆವು. ತಾನು ಆ ಹೊತ್ತಿಗೆ ಚಹಾ ಕುಡಿಯಲು ಹೋಗಿರುತ್ತಿದ್ದೆ ಎಂದ.

ಗಾಡಿ ನಡೆಸುವ ಬಸಣ್ಣ ಸಿಂದಗಿ ಕಡೆಯವನು, ನಲವತ್ತರ ಆಸುಪಾಸು. ಪುಣೆಗೆ ಬಂದು ಇನ್ನೂ ಎರಡು ಮೂರು ತಿಂಗಳು, ಮರಾಠಿ ಹತ್ತಿರ ಸುಳಿದಿರಲಿಲ್ಲ. ಅವನು ಗಾಡಿಯನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಮುಂದಿನ ಬಕೆಟನ್ನು ಟ್ರೇಲರಿನ ತಳಕ್ಕೆ ತಾಗುವಂತೆ ಇಳಿಸಿದ. ಹಿಂದಿನ ತೋಳನ್ನು ಮಡಚಿ, ಅದು ಅಲ್ಲಾಡದಂತೆ ಕಬ್ಬಿಣದ ಪಿನ್ನು ತೂರಿಸಿದ. ಚಕ್ರಗಳಿಗೆ ಕಟ್ಟಿಗೆಯ ತುಂಡು ಕೊಟ್ಟೆವು. ಉಳಿದದ್ದು ನಾಲ್ಕು ಮೂಲೆಗೆ ಸರಪಳಿ. ಪ್ರತಿಯೊಂದರ ನಡುವೆ ಬಿಗಿಯುವ ಒಂದು ಹಿಡಿಕೆ. ಆ ಹಿಡಿಕೆಗೆ ಉದ್ದದ ಪೈಪು ತೊಡಿಸಿ ಕೆಳಗೆ ಎಳೆದರೆ ಸರಪಳಿ ಬಿಗಿದು ಹಿಡಿಕೆ ಕಟ್ಟೆಂದು ಕೂರುತ್ತದೆ.

ಮೂರು ಸರಪಳಿ ಪಾಂಡುರಂಗನೇ ಬಿಗಿದ. ನಾಲ್ಕನೆಯದಕ್ಕೆ ಅವನು ಕೆಳಗೆ ಕೊಕ್ಕೆ ಹಿಡಿದುಕೊಂಡ. ಮೇಲೆ ಪೈಪು ಬಸಣ್ಣನ ಕೈಯಲ್ಲಿತ್ತು. ಪಾಂಡುರಂಗ ಕೂಗಿದ: "ಓಢ್! ಓಢ್!"

ಮರಾಠಿಯಲ್ಲಿ ಓಢ್ ಎಂದರೆ ಎಳೆ. ಸಿಂದಗಿಯ ಕಿವಿಗೆ ಅದು ಬೇರೆಯಾಗಿ ಕೇಳಿಸಿತು. ಬಸಣ್ಣ ಪೈಪು ಬಿಟ್ಟು ಟ್ರೇಲರಿನಿಂದ ಜಿಗಿದು, ರಸ್ತೆ ದಾಟಿ, ಹಾಲಿನ ಅಂಗಡಿಯ ಮುಂದೆ ನಿಂತು ತಿರುಗಿ ನೋಡಿದ. ಪಾಂಡುರಂಗನಿಗೆ ಸಿಟ್ಟು ಬಂತು. "ಅರೇ, ಓಢ್ ನಾ!" ಎಂದು ಇನ್ನೂ ಜೋರಾಗಿ ಕೂಗಿದ. ಬಸಣ್ಣ ಮೂಲೆಯ ಹಿಟ್ಟಿನ ಗಿರಣಿಯವರೆಗೂ ಓಡಿದ.

"ಏನಾತ್ರೀ? ಬೀಳಾಕ ಹತ್ತೇತೇನ್ರಿ?" ಎಂದು ಅಲ್ಲಿಂದಲೇ ಕೇಳಿದ.

ಅಕ್ಕ ಟ್ರೇಲರಿನ ಚಕ್ರಕ್ಕೆ ಕೈಕೊಟ್ಟು ನಿಂತು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮಳೆಗಾಲದ ನಂತರ ಅವಳ ನಗು ಕೇಳಿದ್ದು ಅದೇ ಮೊದಲು ಎಂದು ನನ್ನ ನೆನಪು. ತಪ್ಪಿದ್ದರೂ ಇರಲಿ. ನಗುತ್ತ ನಗುತ್ತ ಹಲಗೆ ಎತ್ತಿಟ್ಟೆವು, ನಗುತ್ತ ಕ್ಯಾಬಿನ್ನು ಹತ್ತಿದೆವು. ನಾಲ್ಕನೆಯ ಹಿಡಿಕೆ ಪೂರ್ತಿ ಕೂತಿದೆಯೇ ಎಂದು ಯಾರೂ ನೋಡಲಿಲ್ಲ.

ಭೋಸರಿ, ಆಳಂದಿ ರಸ್ತೆ, ವಿಶ್ರಾಂತವಾಡಿ. ಯೆರವಡಾದಲ್ಲಿ ಕರೆಂಟಿನ ತಂತಿಗಳು ಕೆಳಕ್ಕೆ ಜೋತುಬಿದ್ದಿದ್ದವು. ಪಾಂಡುರಂಗ ತಲೆ ಹೊರಗೆ ಹಾಕಿ, ಮಡಚಿದ ತೋಳಿನ ಎತ್ತರ ನೋಡುತ್ತ, ನಡೆಯುವವರಿಗಿಂತ ಮೆಲ್ಲಗೆ ಟ್ರೇಲರ್ ಬಿಟ್ಟ. ಜೈಲಿನ ಗೋಡೆಯ ಪಕ್ಕದಲ್ಲಿ ಒಬ್ಬ ಮುದುಕಿ ಕೊತ್ತಂಬರಿ ಕಟ್ಟುಗಳನ್ನು ಒದ್ದೆ ಗೋಣಿಯ ಮೇಲೆ ಜೋಡಿಸುತ್ತಿದ್ದಳು. "ಅವರು ಇಲ್ಲೇ ಗಟಾರ ತೋಡಿದ್ರು," ಎಂದು ಅಕ್ಕ ಎಡಗಡೆಯ ಗಲ್ಲಿ ತೋರಿಸಿದಳು. ಬಲಗಡೆಯ ಗಲ್ಲಿ ಇರಬೇಕು ಎಂದು ನನಗನಿಸಿತು.

ಹಡಪ್ಸರದಲ್ಲಿ ಉಡುಪಿ ಕಡೆಯವರ ಹೋಟೆಲೊಂದರ ಮುಂದೆ ಟ್ರೇಲರ್ ನಿಲ್ಲಲು ಜಾಗ ಸಿಕ್ಕಿತು. ಇಡ್ಲಿ ಬಿಸಿಯಾಗಿತ್ತು, ಸಾಂಬಾರಿಗೆ ಬೆಲ್ಲ ಹಾಕಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕರು ನಮ್ಮ ಮಾತು ಕೇಳಿ ಎದ್ದು ಬಂದರು.

"ಎಂತದು ಮಾರಾಯ್ರೆ, ಆನೆ ಕಟ್ಟಿಕೊಂಡು ಮೆರವಣಿಗೆ ಹೊರಟ ಹಾಗೆ ಉಂಟಲ್ಲ!"

"ಆನಿಗಾದ್ರ ಬಾಳಿಹಣ್ಣು ಸಾಕ್ರಿ," ಎಂದಳು ಅಕ್ಕ. "ಇದಕ್ಕ ಡೀಜೆಲ್ ಬೇಕು."

ಅವರು ಜೋರಾಗಿ ನಕ್ಕು, ದಾರಿಯಲ್ಲಿ ತಿನ್ನಲೆಂದು ಗೋಳಿಬಜೆಯ ಎರಡು ಪೊಟ್ಟಣ ಕಟ್ಟಿಸಿದರು. ಅದನ್ನು ಬಸಣ್ಣ 'ಮೈದಾ ಭಜಿ' ಎಂದು ಕರೆದು, ಲೋಣಿ ಬರುವುದರೊಳಗೆ ಮುಗಿಸಿದ.

ಲೋಣಿಯ ಆಚೆ ರಸ್ತೆ ಕೆಲಸ ನಡೆದಿತ್ತು. ಒಂದು ಕಡೆ ಹೊಸ ಡಾಂಬರು, ಇನ್ನೊಂದು ಕಡೆ ಬರೀ ಜಲ್ಲಿ. ಕಬ್ಬಿನ ಎತ್ತಿನ ಗಾಡಿಗಳ ಸಾಲು ಮುಗಿಯುವವರೆಗೂ ಅವುಗಳ ಹಿಂದೆಯೇ ಸಾಗಬೇಕಾಯಿತು. ಉರುಳಿ ಎಂಬ ಊರು ದಾಟುವಾಗ ಬಿಸಿಲು ಚಳಿಯನ್ನು ನುಂಗಿತ್ತು. ಯವತದ ಹತ್ತಿರ ತಗ್ಗೊಂದರಲ್ಲಿ ಟ್ರೇಲರ್ ಇಳಿದು ಎದ್ದಾಗ ಹಿಂದೆ ದಡ್ ಎಂಬ ಸದ್ದು, ಅದರ ಹಿಂದೆಯೇ ಕಬ್ಬಿಣ ಕಬ್ಬಿಣಕ್ಕೆ ತಾಕಿದ ಸದ್ದು. ಪಾಂಡುರಂಗ ಟ್ರೇಲರನ್ನು ಬದಿಗೆ ತಂದು ನಿಲ್ಲಿಸಿದ.

ನಾಲ್ಕನೆಯ ಸರಪಳಿ ಜೋತಾಡುತ್ತಿತ್ತು. ಗಾಡಿಯ ಹಿಂಭಾಗ ಒಂದು ಗೇಣು ಸರಿದು, ದೊಡ್ಡ ಚಕ್ರ ಟ್ರೇಲರಿನ ಅಂಚಿಗೆ ಬಂದು ನಿಂತಿತ್ತು. ಕೆಳಗೆ ರಸ್ತೆಯ ಪಕ್ಕದ ಹಳ್ಳ. ಇನ್ನೊಂದು ತಗ್ಗು ಸಿಕ್ಕಿದ್ದರೆ ಗಾಡಿ ಅದರೊಳಗಿರುತ್ತಿತ್ತು. ಬಸಣ್ಣ ತಲೆ ತಗ್ಗಿಸಿ ನಿಂತ.

ಅಕ್ಕ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು.

"ಕೊಟ್ಟುಬಿಡ್ತೀನೋ ತಮ್ಮಾ. ಚಾಕಣದವರಿಗೆ ಹೂಂ ಅಂತೀನಿ. ನನ್ನ ಕೈಲೆ ಆಗೂ ಕೆಲಸ ಅಲ್ಲ ಇದು."

"ಸರಪಳಿ ಸಡ್ಲ ಆಗೇದ ಅಷ್ಟ, ಅಕ್ಕಾ."

"ಅವರಿದ್ದಿದ್ರ ಆಗ್ತಿತ್ತೇನು?"

ಆ ಕ್ಷಣ ನನ್ನ ಕಣ್ಣ ಮುಂದೆ ಒಂದು ಚಿತ್ರ ಬಂತು. ಲೋಣಿಯ ಹತ್ತಿರ, ಇಂಥದೇ ಬಿಸಿಲು, ಭಾವ ಸಡಿಲಾದ ಸರಪಳಿಯನ್ನು ಕೈಯಲ್ಲಿ ತೂಗುತ್ತ, "ಜೋಕಾಲಿ ಆಡಾಕ ಹತ್ತೇದ ನೋಡು" ಎಂದು ನಗುತ್ತಿದ್ದಾರೆ. ಅಂಗಿಯ ಬಣ್ಣವೂ ಕಂಡಿತು, ತಿಳಿ ನೀಲಿ. ಆದರೆ ನಾನು ಭಾವನ ಜೊತೆ ಲೋಣಿಗೆ ಹೋಗಿದ್ದೆನೇ? ಅಥವಾ ಅಕ್ಕನ ಮುಖ ನೋಡಲಾಗದೆ ಮನಸ್ಸು ಅಲ್ಲೇ ನಿಂತಲ್ಲೇ ಅದನ್ನು ಹೊಲಿದು ಕೊಟ್ಟಿತೇ? ಇವತ್ತಿಗೂ ಹೇಳಲಾರೆ. ಬಾಯಿ ಮಾತ್ರ ಆಗಲೇ ಶುರು ಮಾಡಿತ್ತು.

"ಅವರದೂ ಸಡ್ಲ ಆಗಿತ್ತು, ಒಂದ್ಸಲ. ಲೋಣಿ ಹತ್ರ. ಇಳಿದು ಜಗ್ಗಿ ಕಟ್ಟಿದ್ರು, ಮುಂದ ಹೋದ್ವಿ."

ಅಕ್ಕ ತಲೆಯೆತ್ತಿದಳು. "ಖರೇನು?"

"ಹಂಗಂತ ನೆನಪು."

"ಅವರು ನಂಗ ಹೇಳಲೇ ಇಲ್ಲಲ್ಲ."

"ಮನಿಗೆ ಬಂದು ಯಾರರ ಹೇಳ್ತಾರೇನು ಇಂಥದ್ದು?"

"ನನ್ನ ಆಣಿ ಮಾಡಿ ಹೇಳು."

ಮಾಡಬಹುದಿತ್ತು, ನಾನು ಆಣೆಗಳನ್ನು ನಂಬುವವನೇ ಅಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. "ಆಣಿ ಮಾಡೂದಿಲ್ಲ, ಅಕ್ಕಾ. ನಂಗ ಪೂರಾ ಖಾತ್ರಿ ಇಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ಕಬ್ಬಿನ ಗಾಡಿಯೊಂದು ಗೆಜ್ಜೆ ಸದ್ದು ಮಾಡುತ್ತ ದಾಟಿತು.

"ಹಂಗಾರ ಖರೇನ ಇರಬೇಕು," ಎಂದಳು. "ಸುಳ್ಳಾಗಿದ್ರ ನೀ ಗಬಕ್ಕನ ಆಣಿ ಮಾಡ್ತಿದ್ದಿ. ಸಣ್ಣಾಂವಿದ್ದಾಗಿಂದ ನೋಡೀನಿ."

ಎದ್ದು ಸೀರೆ ಕೊಡವಿದಳು. ಬಸಣ್ಣನನ್ನು ಹತ್ತಿರ ಕರೆದಳು. "ನಿಂದೇನೂ ತಪ್ಪಿಲ್ಲೋ ಬಸಣ್ಣಾ. ಓಡು ಅಂದ್ರು, ಓಡಿದಿ. ಗಾಡಿ ಹತ್ತು." ಆಮೇಲೆ ಪಾಂಡುರಂಗನ ಕಡೆ ತಿರುಗಿ, ತನ್ನ ನಿಗಡಿ ಮರಾಠಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದಳು: ಇವತ್ತಿನಿಂದ ಈ ಗಾಡಿಯ ಹತ್ತಿರ ಓಢ್ ಎನ್ನಬಾರದು, ಜಗ್ಗು ಎನ್ನಬೇಕು.

"ಜಗ್ಗೂ?" ಎಂದು ಪಾಂಡುರಂಗ ಹೊಸ ತಿಂಡಿಯ ರುಚಿ ನೋಡುವವನಂತೆ ಕೇಳಿದ.

"ಜಗ್ಗು."

ಬಸಣ್ಣ ಗಾಡಿ ಚಾಲೂ ಮಾಡಿ, ತುಸುವೇ ಮುಂದೆ ಹಿಂದೆ ಆಡಿಸಿ, ಮೆಲ್ಲಗೆ ನಡುವಿಗೆ ತಂದ. ಪಾಂಡುರಂಗ ಕೊಕ್ಕೆ ಹಿಡಿದು ಯವತದ ಬಯಲಿಗೆಲ್ಲ ಕೇಳುವಂತೆ "ಜಗ್ಗೂ! ಜಗ್ಗೂ!" ಎಂದು ಕೂಗಿದ. ಬಸಣ್ಣ ಜಗ್ಗಿದ, ನಾನೂ ಪೈಪಿಗೆ ಕೈಹಾಕಿ ಜಗ್ಗಿದೆ. ಹಿಡಿಕೆ ಕಟ್ಟೆಂದು ಕೂತಿತು. ಅಕ್ಕ ನಾಲ್ಕೂ ಮೂಲೆಗೆ ಹೋಗಿ ಒಂದೊಂದು ಸರಪಳಿಯನ್ನೂ ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಭಾವ ಹಾಗೆ ಮಾಡುತ್ತಿದ್ದರೇ ಎಂದು ಅವಳು ಕೇಳಲಿಲ್ಲ.

ಚೌಫುಲಾದಲ್ಲಿ ಊಟಕ್ಕೆ ನಿಲ್ಲದೆ, ಅಕ್ಕ ಕಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಕ್ಯಾಬಿನ್ನಿನಲ್ಲೇ ತಿಂದೆವು. ಪಾಟಸ ದಾಟಿದ ಮೇಲೆ ಗಾಳಿಯಲ್ಲಿ ಔಷಧದ ಅಂಗಡಿಯ ವಾಸನೆ ಬಂತು. ಕುರಕುಂಭದ ಕಾರ್ಖಾನೆಗಳು ಕಾಣುವ ಮೊದಲು ಮೂಗಿಗೆ ಸಿಗುತ್ತವೆ. ಜಾಗಕ್ಕೆ ತಲುಪಿದಾಗ ಮೂರಕ್ಕೆ ಸ್ವಲ್ಪವೇ ಬಾಕಿ. ಸೂಪರ್‌ವೈಜರ್ ಗೇಟಿನಲ್ಲೇ ನಿಂತಿದ್ದ. ನೇರ ನನ್ನ ಹತ್ತಿರ ಬಂದು, ಸಾಹೇಬರೇ, ಗಾಡಿ ಬಹಳ ಸಣ್ಣದು, ಇಲ್ಲಿಯ ಕಲ್ಲಿನಂಥ ಮೊರಂ ಮಣ್ಣು ಇದಕ್ಕೆ ಒಡೆಯುವುದಿಲ್ಲ ಎಂದು ಮರಾಠಿಯಲ್ಲಿ ಶುರು ಮಾಡಿದ.

"ಮಾಲಕೀಣ ಮೀ ಆಹೇ. ಮಾಝ್ಯಾಶೀ ಬೋಲಾ," ಎಂದಳು ಅಕ್ಕ. ಒಡತಿ ನಾನು, ನನ್ನ ಜೊತೆ ಮಾತಾಡಿ. ಅವನ ಎದುರಿಗೇ ಬಂದು ನಿಂತಳು. "ಮೊದಲು ಅಗೆದು ತೋರಿಸ್ತೇವೆ. ಆಮೇಲೆ ಸಣ್ಣದೋ ದೊಡ್ಡದೋ ನೀವೇ ಹೇಳಿ."

ಬಸಣ್ಣ ಗಾಡಿ ಇಳಿಸಿ, ಸುಣ್ಣದ ಗೆರೆಯ ಮೇಲೆ ತೋಳು ಚಾಚಿದ. ಮೇಲಿನ ಮಣ್ಣು ಸಲೀಸಾಗಿ ಬಂತು. ಕೆಳಗೆ ಹಲ್ಲು ಒಂದು ಬಂಡೆಗೆ ಕಚ್ಚಿ ನಿಂತಿತು. ಟ್ರ್ಯಾಕ್ಟರಿನ ಮುಂಭಾಗ ನೆಲ ಬಿಟ್ಟು ಮೇಲೆದ್ದಿತು. ಸೂಪರ್‌ವೈಜರ್ ಗಡಿಯಾರ ನೋಡಿಕೊಂಡ. ಅಕ್ಕ ಗುಂಡಿಯ ಅಂಚಿಗೆ ಹೋಗಿ ನಿಂತಳು.

"ಅವಸರ ಮಾಡಬ್ಯಾಡ ಬಸಣ್ಣಾ. ಬಾಜೂಕಿಂದ ತಗಿ... ಹಾಂ, ಹಂಗ..."

ಬಸಣ್ಣ ಹಲ್ಲು ಬಿಡಿಸಿ, ಪಕ್ಕದ ಬಿರುಕಿಗೆ ಹಾಕಿ ಎತ್ತಿದ. ಬಂಡೆ ಮೊದಲು ಅಲ್ಲಾಡಿತು, ಆಮೇಲೆ ಹಲ್ಲು ಕಿತ್ತ ಹಾಗೆ ಬೇರುಸಹಿತ ಬಂತು. ಸೂಪರ್‌ವೈಜರ್ ಸುಣ್ಣದ ಡಬ್ಬಿ ತರಿಸಿ, ಗೆರೆಯನ್ನು ಕಾಂಪೌಂಡು ಗೋಡೆಯ ತುದಿಯವರೆಗೆ ಎಳೆಸಿದ. ಕೆಲಸ ನಮಗೇ ಉಳಿಯಿತು.

ಗೇಟಿನ ಎದುರಿನ ಎಸ್.ಟಿ.ಡಿ. ಬೂತಿನಿಂದ ಅಕ್ಕ ಚಾಕಣಕ್ಕೆ ಫೋನು ಮಾಡಿದಳು. ನಾನು ಹೊರಗೆ ನಿಂತು ಕೇಳಿದ್ದು ಅವಳ ಮಾತಷ್ಟೇ. "ನಾಹೀ ಹೋ... ವಿಕಾಯ್ಚ ನಾಹೀ." ಮಾರುವುದಿಲ್ಲ. ಅವರು ಯಾಕೆ ಎಂದಿರಬೇಕು. "ತಿಲಾ ಕಾಮ ಆಹೇ," ಎಂದಳು. ಅವಳಿಗೆ ಕೆಲಸ ಇದೆ. ಮರಾಠಿಯಲ್ಲಿ ಗಾಡಿ ಹೆಣ್ಣು.

ಕೆಲಸ ಮುಗಿಯುವವರೆಗೆ ಅವಳು ಅಲ್ಲೇ ಉಳಿಯುವುದೆಂದಾಯಿತು. ಬಸಣ್ಣನ ಕಾಕಾನ ಸಂಸಾರ ಹತ್ತಿರದ ವಠಾರದಲ್ಲಿತ್ತು, ರಾತ್ರಿ ಅವಳಿಗೆ ಅಲ್ಲೇ ಜಾಗ. ನಾನು ಖಾಲಿ ಟ್ರೇಲರಿನಲ್ಲಿ ನಿಗಡಿಗೆ ಹಿಂದಿರುಗಿ, ನೆರೆಮನೆಯಲ್ಲಿ ಬಿಟ್ಟು ಬಂದಿದ್ದ ಅವಳ ಇಬ್ಬರು ಮಕ್ಕಳಿಗೆ ಅಡಿಗೆ ಮಾಡಿ ಹಾಕಬೇಕು.

"ಅನ್ನ ಬರ್ತದ ನಿಂಗ. ಬ್ಯಾಳಿ?" ಎಂದಳು.

"ಬರ್ತದ."

"ಹೂಂ. ಎಂ.ಎ. ಬ್ಯಾಳಿ."

ಟ್ರೇಲರ್ ಗೇಟು ದಾಟಿತು. ತಿರುಗಿ ನೋಡಿದಾಗ ಅಕ್ಕ ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತು ಏನೋ ಕೂಗುತ್ತಿದ್ದಳು; ಅವಳ ಹಿಂದೆ ಗಾಡಿಯ ತೋಳು ಏಳುತ್ತಿತ್ತು, ಬೀಳುತ್ತಿತ್ತು. ಇಂಜಿನ್ನಿನ ಸದ್ದಿನಲ್ಲಿ "ಕುಕ್ಕರ್" ಎಂಬುದೊಂದೇ ಕೇಳಿಸಿತು. ಬೇಳೆಗೆ ಎಷ್ಟು ಸೀಟಿ ಎಂದು ತೋರಿಸಲು ಅವಳು ಕೈ ಮೇಲೆತ್ತಿದಳು. ನಡುವೆ ಧೂಳು ಎದ್ದಿತು. ಮೂರು ಬೆರಳು ಎಂದುಕೊಂಡೆ. ಪಾಟಸ ಬರುವಷ್ಟರಲ್ಲಿ ಅದು ನಾಲ್ಕೂ ಇರಬಹುದು ಅನಿಸತೊಡಗಿತ್ತು.