ಗಲ್ಲದ ಮ್ಯಾಲಿನ ಕರೀ ಬೊಟ್ಟು

ದೋಸ್ತರ, ಕಡಿಮಿ ರೊಕ್ಕಕ್ಕ ಒಪ್ಪಿದ್ಲಂತ ಮದುವಿ ಮೇಕಪ್ ಮಾಡಾಕಿ ಕೈಯಾಗ ಮುಖಾ ಕೊಡಬ್ಯಾಡ್ರಿ!

ಇವತ್ತ ಬಂಕಾಪುರದ ಕೋಟಿಯೊಳಗ ನನ್ನ ಮಾಡೆಲಿಂಗ್ ಫೋಟೋಶೂಟ್ ಇತ್ತು. ಹುಬ್ಬಳ್ಳಿ ಮೇಕಪ್‌ನವರ ರೇಟ್ ಕೇಳಿ ಹೆದರಿ, ಶಿಗ್ಗಾವಿಯ ಸವಿತಕ್ಕನ ಪಾರ್ಲರಿಗೆ ಹೋದೆ.

"ಅಕ್ಕಾ, ರಫ್ ಲುಕ್ ಬೇಕ್ರಿ" ಅಂದೆ.

"ನನ್ನ ಕೈಯಾಗ ಯಾರ ಕುಂತ್ರೂ ಮದುಮಗನ ಆಗಿ ಏಳ್ತಾರ ತಮ್ಮಾ" ಅಂತ ಪೌಡರ್ ಬಡದು, ಗಲ್ಲಕ್ಕ ಕರೀ ದೃಷ್ಟಿಬೊಟ್ಟು ಇಟ್ಟಳು. ಬ್ಯಾಡಂದ್ರೂ ಕೇಳಲಿಲ್ಲ. "ಇದಿಲ್ಲದ ಒಬ್ಬರನ್ನೂ ಹೊರಗ ಬಿಟ್ಟಿಲ್ಲ ನಾನು!"

ಬಸ್ ಹತ್ತಿದ್ರ ಕಂಡಕ್ಟರ್ ಟಿಕೆಟ್ ಕೊಡೂದು ಬಿಟ್ಟು ಕೇಳಿದ: "ಬೀಗರು ಒಂದ ಕಾರೂ ಕಳಿಸಲಿಲ್ಲೇನೋ?" ಹಿಂದಿನ ಸೀಟಿನ ಅಜ್ಜಿ ನನ್ನ ತಲಿ ಮ್ಯಾಲೆ ಕೈಯಿಟ್ಟು, "ಇಬ್ರೂ ನೂರು ವರ್ಷ ಬಾಳ್ರಿ" ಅಂದ್ಲು.

ಬಸ್ಸಿನಾಗ ನಮ್ಮ ಓಣಿಯವರೂ ಯಾರೋ ಇದ್ರು ಅಂತ ಕಾಣತೈತಿ. ಕೋಟಿ ಮುಟ್ಟೂದ್ರಾಗ ಅವ್ವನ ಫೋನು: "ಕದ್ದು ಲಗ್ನ ಆಗಾಕತ್ತೀಯಂತಲ್ಲೋ! ಯಾರಕಿ?"

ಎಲ್ಲಾ ಹೇಳಿ, ಒಂದು ಸೆಲ್ಫಿ ಕಳಿಸಿದೆ. ಅವ್ವ ಅದನ್ನ ನೋಡಿ ಮತ್ತ ಫೋನ್ ಹಚ್ಚಿ ಅಂದ್ಲು: "ಮುಖಾ ತೊಳಿಬ್ಯಾಡ. ಕನ್ಯಾದವರಿಗೆ ಕೊಡಾಕ ನಿಂದೊಂದು ಚಂದನ್ನ ಫೋಟೋ ಇರಲಿಲ್ಲ."

ನನ್ನ ಪೋರ್ಟ್‌ಫೋಲಿಯೋ ರೆಡಿ ಐತ್ರಿ. ಮಾಡೆಲಿಂಗ್ ಕಂಪನಿಗಿಂತ ಮೊದಲು ಹಾವೇರಿಯ ಲಗ್ನದ ಏಜೆಂಟಗ ಮುಟ್ಟೇತಿ.