ಸೋಮವಾರದ ಸಾಬೂದಾಣಿ

ನನಗೆ ಅಂಡಾಶಯದ ತೊಂದರೆ, ಪಿಸಿಒಡಿ ಇದೆ, ಮೈಯೊಳಗೆ ಉರಿಯೂತವೂ ಇದೆ, ತೂಕ ಇಳಿಯದೆ ಮಗುವಿಗಾಗಿ ಚಿಕಿತ್ಸೆ ಶುರು ಮಾಡುವುದಿಲ್ಲ ಎಂದು ಉದಗೀರದ ಡಾಕ್ಟರ್‌ಬಾಯಿ ಹೇಳಿದ್ದರು. ನಿಲಂಗಾದ ಮನೆಗೆ ಬಂದೊಡನೆ ಅತ್ತೆ ನನಗೆ ಸೋಮವಾರದ ಉಪವಾಸ ಹಿಡಿಸಿದರು. ಉಪವಾಸವೆಂದರೆ ನಮ್ಮಲ್ಲಿ ತುಪ್ಪದಲ್ಲಿ ಹುರಿದ ಸಾಬೂದಾಣಿ, ಅಂದರೆ ಸಬ್ಬಕ್ಕಿಯ, ಖಿಚಡಿ, ಅದರ ತುಂಬ ಶೇಂಗಾಪುಡಿ, ಬಟಾಟೆ. ಬೇಡವೆಂದರೆ, “ಬರೀ ಹೊಟ್ಟೀಲೆ ಇರಬ್ಯಾಡ ಯವ್ವಾ, ಸೊರಗ್ತಿ” ಎನ್ನುತ್ತಿದ್ದರು. ಸೊರಗಲೆಂದೇ ಅಲ್ಲವೇ ಈ ಪಾಡೆಲ್ಲ! ವಾದಿಸಿ ವಾದಿಸಿ ದಣಿದು, ಕೊನೆಗೆ ತಿನ್ನುತ್ತಿದ್ದೆ.

ಮತ್ತೆ ಉದಗೀರಕ್ಕೆ ಹೋದಾಗ ತೂಕ ಏರಿತ್ತು. ಡಾಕ್ಟರ್‌ಬಾಯಿ ಗದರಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಸೋಮವಾರ ಒಂದೇ ಸಾಲೂದಿಲ್ಲ ಕಾಣ್ತದ. ಗುರುವಾರನೂ ಹಿಡಿ.”

ಕಿಟಕಿಗೆ ತಲೆಯಾನಿಸಿ, ಹ್ಞೂಂ ಎಂದೆ.