ಎಡಗೆನ್ನೆಯ ಗುರುತು

ಕಾನ್ಸುಲೇಟಿನ ಎತ್ತರದ ಗೋಡೆಗೆ ಎದುರಾಗಿ, ರಸ್ತೆಯ ಈಚೆ ಬದಿಯಲ್ಲಿ ಅಂಟಿಕೊಂಡಂತೆ ಎರಡು ಅಂಗಡಿಗಳಿವೆ. ಒಂದು ನನ್ನದು, ವೀಸಾ ಅರ್ಜಿ ತುಂಬಿಕೊಡುವ ಅಂಗಡಿ. ಇನ್ನೊಂದು ಫೋಟೋ ಸ್ಟುಡಿಯೋ. ನಡುವೆ ಇರುವುದು ಬರೀ ಪ್ಲೈವುಡ್ ಗೋಡೆಯಾದ್ದರಿಂದ ಆ ಕಡೆಯ ಮಾತೆಲ್ಲ ಈ ಕಡೆಗೆ ಕೇಳುತ್ತದೆ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ನಲವತ್ತು ಸಲ ಕೇಳಿ ಕೇಳಿ ನನ್ನ ಕಿವಿ ತೂತಾಗಿರುವ ಮಾತು ಒಂದೇ: "ಅಲ್ಲಾಡಬೇಡಿ." ಫೋಟೋ ತೆಗೆಯುವಾಗ ಹೇಳುವುದು ಸರಿ. ಈ ಮಹಾನುಭಾವರು ಬಿಸಿ ಟೀ ಲೋಟ ಕೈಗೆ ಕೊಡುವಾಗಲೂ ಹಾಗೇ ಹೇಳುತ್ತಾರೆ. ಬೀದಿಯವರೆಲ್ಲ ಅವರಿಗೆ ಅದನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದಾರೆ. ಕಾನ್ಸುಲೇಟಿನ ಗೇಟಿನ ಕಾವಲುಗಾರ ಕೂಡ, ಫೋಟೋ ಸರಿಯಿಲ್ಲದವರನ್ನು ಕಂಡರೆ, "ಹೋಗಿ, ಎದುರುಗಡೆ ಅಲ್ಲಾಡಬೇಡಿ ಹತ್ರ ತೆಗೆಸ್ಕೊಂಡು ಬನ್ನಿ" ಎಂದೇ ಕಳಿಸುವುದು.

ನಾನು ಅವರನ್ನು ಅಣ್ಣ ಎನ್ನುತ್ತೇನೆ. ಹಾಗಾಗಿ ಅವರ ಹೆಂಡತಿ ನನಗೆ ಅತ್ತಿಗೆ.

ವೀಸಾ ಫೋಟೋ ವಿಷಯದಲ್ಲಿ ಅಣ್ಣ ಜಪ್ಪಯ್ಯ ಅಂದರೂ ಬಗ್ಗುವವರಲ್ಲ. ಕಾನ್ಸುಲೇಟಿನವರು ಕೊಟ್ಟ ನಿಯಮಗಳ ಹಾಳೆಯನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಹಿನ್ನೆಲೆ ಬಿಳಿ ಇರಬೇಕು, ಕಿವಿ ಕಾಣಬೇಕು, ನಗಬಾರದು, ಕನ್ನಡಕ ಕೂಡದು, ಚಿತ್ರವನ್ನು ತಿದ್ದಬಾರದು. ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮೂಗಿನ ಪಕ್ಕದ ಮಚ್ಚೆ ಅಳಿಸಿಕೊಡಿ ಎಂದು ಹಟ ಹಿಡಿದಳು. "ಇದು ಮದುವೆ ಆಲ್ಬಮ್ ಅಲ್ಲಮ್ಮ. ನಿನ್ನ ಮಚ್ಚೆ ನಿನ್ನ ಜೊತೇಲೇ ಹೋಗಿ ಬರ್ಲಿ ಬಿಡು" ಎಂದು ಹಾಗೇ ಕಳಿಸಿದರು. ಇಷ್ಟು ವರ್ಷದಲ್ಲಿ ಅವರ ಒಂದು ಫೋಟೋ ಕೂಡ ವಾಪಸ್ ಬಂದದ್ದಿಲ್ಲ. ಆ ಹೆಮ್ಮೆ ಅವರ ನಡಿಗೆಯಲ್ಲೇ ಇದೆ.

ಆದರೆ ಮನೆಮಂದಿಯ ಪಟ, ಮದುವೆಯ ಪಟ ಎಂದರೆ ಅವರು ಬೇರೆಯೇ ಮನುಷ್ಯ. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದರು, ಈಗ ಮೌಸ್ ಹಿಡಿದು ಕೂರುತ್ತಾರೆ. ಕಣ್ಣಡಿಯ ಕಪ್ಪು, ಹಣೆಯ ಗೆರೆ, ಮೊಡವೆಯ ಗುಳಿ ಒಂದೊಂದಾಗಿ ಮಾಯವಾಗುತ್ತವೆ. ಈ ಕೆಲಸಕ್ಕೆ ಅವರು "ಮುಖ ತೊಳೆಯೋದು" ಎನ್ನುತ್ತಾರೆ. ರೇಡಿಯೋ ಕೇಳುತ್ತ, ನನ್ನ ಜೊತೆ ಜಗಳವಾಡುತ್ತ, ಕೈ ಪಾಡಿಗೆ ಕೈ ತೊಳೆಯುತ್ತಿರುತ್ತದೆ.

ಅತ್ತಿಗೆ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಊಟದ ಡಬ್ಬಿ ತರುತ್ತಾರೆ. ಅವರ ಎಡಗೆನ್ನೆಯಲ್ಲಿ ಕಿವಿಯಿಂದ ದವಡೆಯವರೆಗೆ ಸುಟ್ಟ ಕಲೆಯಿದೆ. ಚರ್ಮ ಅಲ್ಲಿ ನೆರಿಗೆಗಟ್ಟಿ ಸ್ವಲ್ಪ ಹೊಳೆಯುತ್ತದೆ. ನೋಡಿ ನೋಡಿ ನನಗೆ ಅದೂ ಕಣ್ಣು, ಮೂಗಿನ ಹಾಗೆ ಮುಖದ ಒಂದು ಭಾಗವಾಗಿತ್ತು. ಊಟವಾದ ಮೇಲೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ವಿದೇಶದಲ್ಲಿರುವ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾರೆ. ಫೋನನ್ನು ಯಾವಾಗಲೂ ಬಲಗಡೆ ಹಿಡಿದು, ಮುಖವನ್ನು ಓರೆ ಮಾಡಿ. ಎಡಗಿವಿ ಮಂದ ಇರಬೇಕು ಎಂದುಕೊಂಡು ನಾನು ವರ್ಷಗಟ್ಟಲೆ ಅವರ ಬಲಗಿವಿಗೇ ಬಾಯಿಟ್ಟು ಕಿರುಚಿದ್ದೇನೆ. ಪುಣ್ಯಾತ್ಗಿತ್ತಿ ಒಂದು ದಿನವೂ "ನಂಗೆ ಕಿವಿ ಕೇಳ್ಸುತ್ತೆ ಕಣೆ" ಎನ್ನಲಿಲ್ಲ.

ಆ ಅಕ್ಕನಿಗೆ ಒಂದು ಕಣ್ಣು ಹೋಗಿ ವರ್ಷವಾಗಿತ್ತು. ಇನ್ನೊಂದಕ್ಕೆ ಇಪ್ಪತ್ತೆರಡನೇ ತಾರೀಕು ಆಪರೇಷನ್ ಎಂದು ಗೊತ್ತಾಯಿತು. ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ. "ಅದಕ್ಕೂ ಮುಂಚೆ ಒಂದ್ಸಲ ಬಂದುಹೋಗೇ, ನಿನ್ನ ನೋಡ್ಬೇಕು" ಎಂದು ಅಕ್ಕ ಕೇಳಿದ್ದು ಅಷ್ಟೇ. ಆ ದೇಶಕ್ಕೆ ಹೋದ ಮೂವತ್ತನಾಲ್ಕು ವರ್ಷದಲ್ಲಿ ಅವರು ಕೇಳಿದ ಮೊದಲ ಮಾತು ಅದು.

ಅರ್ಜಿ ನಾನೇ ತುಂಬಿದೆ. 'ದೇಹದ ಮೇಲಿನ ಗುರುತು' ಎಂಬ ಸಾಲು ಬಂದಾಗ ಕೈ ತಡೆಯಿತು. ಯಾರನ್ನೂ ಕೇಳಲು ಅಂಜದ ನಾನು ಅವರನ್ನು ಕೇಳಲು ತಡವರಿಸಿದೆ. ಅತ್ತಿಗೆಯೇ, "ಬರಿ, ಇರೋದನ್ನ ತಾನೆ ಬರೆಯೋದು" ಎಂದರು. ಎಡಗೆನ್ನೆಯ ಮೇಲೆ ಸುಟ್ಟ ಕಲೆ ಎಂದು ಟೈಪ್ ಮಾಡಿದೆ. ಗೋಡೆಯ ಆಚೆಯಿಂದ "ಅಲ್ಲಾಡಬೇಡ" ಕೇಳಿಸಿತು, ಸಂಜೆಗೆ ಅಣ್ಣ ಎರಡು ಫೋಟೋಗಳ ಲಕೋಟೆ ತಂದುಕೊಟ್ಟರು. ನಾನು ಒಂದನ್ನು ಅಂಟು ಹಚ್ಚಿ ಅಂಟಿಸಿ, ಇನ್ನೊಂದನ್ನು ಫೈಲಿಗೆ ಸೇರಿಸಿದೆ. ಬೇರೆಯವರ ಫೋಟೋವನ್ನು ಬೆಳಕಿಗೆ ಹಿಡಿದು ಹತ್ತು ಸಲ ನೋಡುವ ನಾನು ಅಣ್ಣ ತೆಗೆದ ಫೋಟೋವನ್ನು ನೋಡುವುದಿಲ್ಲ. ಆ ನಂಬಿಕೆಗೆ ನನಗೆ ನಾನೇ ಕೆನ್ನೆಗೆ ಹೊಡೆದುಕೊಳ್ಳಬೇಕು.

ಆರನೇ ತಾರೀಕು ಸಂದರ್ಶನ. ಅತ್ತಿಗೆ ಒಂಬತ್ತಕ್ಕೆ ಒಳಗೆ ಹೋದವರು ಹತ್ತಾಗುವ ಮೊದಲೇ ಫೈಲನ್ನು ಎದೆಗೆ ಅವುಚಿಕೊಂಡು ರಸ್ತೆ ದಾಟಿ ಬಂದರು. ಬೆಂಚಿನ ಮೇಲೆ ಕೂತು ನೀರು ಕುಡಿದು, ನಿಧಾನಕ್ಕೆ ಹೇಳಿದರು. ಗಾಜಿನ ಹಿಂದಿದ್ದ ಅಧಿಕಾರಿ ಪಾಸ್‌ಪೋರ್ಟ್ ನೋಡಿದನಂತೆ. ಪಾಸ್‌ಪೋರ್ಟ್ ಕಚೇರಿಯ ಕ್ಯಾಮೆರಾಕ್ಕೆ ದಾಕ್ಷಿಣ್ಯವಿಲ್ಲ, ಅದರಲ್ಲಿ ಕಲೆಯಿತ್ತು. ಅರ್ಜಿಯಲ್ಲೂ ಇತ್ತು. ಎದುರಿಗೆ ನಿಂತಿದ್ದ ಮುಖದಲ್ಲಿ ಇದ್ದೇ ಇತ್ತು. ಅಂಟಿಸಿದ ಫೋಟೋದಲ್ಲಿ ಮಾತ್ರ ಇರಲಿಲ್ಲ.

"ಈ ಫೋಟೋದಲ್ಲಿರೋದು ಯಾರು ಅಂತ ಕೇಳ್ದ. ನಾನೇ ಅಂದೆ. ನಂಬ್ಲಿಲ್ಲ."

ನಾಳೆ ಬೆಳಿಗ್ಗೆ ಹತ್ತರೊಳಗೆ ಹೊಸ ಫೋಟೋ, ಜೊತೆಗೆ ಹಳೆಯದನ್ನು ತೆಗೆದವರಿಂದ ಸಹಿ ಮಾಡಿದ ವಿವರಣೆ ಪತ್ರ ತರಬೇಕು. ಇಲ್ಲದಿದ್ದರೆ ಫೈಲು ಮುಚ್ಚುತ್ತಾರೆ, ಮತ್ತೆ ಸಂದರ್ಶನ ಸಿಗುವುದು ಮುಂದಿನ ತಿಂಗಳು. ಅಷ್ಟು ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ.

ನಾನು ಗೋಡೆ ಬಡಿದೆ. ಅಣ್ಣ ಬಂದು ಫೈಲಿನಲ್ಲಿದ್ದ ಇನ್ನೊಂದು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದರು. "ಏನಾಗಿದೆ ಇದಕ್ಕೆ? ಹಿನ್ನೆಲೆ ಬಿಳಿ ಇದೆ, ಎರಡೂ ಕಿವಿ ಕಾಣ್ತಿದೆ, ನೆರಳಿಲ್ಲ."

"ಅಣ್ಣ, ಕೆನ್ನೆ ನೋಡಿ."

ನೋಡಿದರು. ಹೆಂಡತಿಯ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು. ನನ್ನ ಸ್ಟೂಲಿನ ಮೇಲೆ ಕೂತು, "ತೊಳೆದುಬಿಟ್ಟಿದೀನಿ. ನಂಗೇ ಗೊತ್ತಾಗ್ಲಿಲ್ಲ" ಎಂದರು.

ಆಗ ನಾನು ಅದನ್ನು ನಂಬಲಿಲ್ಲ, ಈಗ ನಂಬುತ್ತೇನೆ. ಮದುವೆಯ ಪಟದಿಂದ ಹಿಡಿದು ಮೂವತ್ತೊಂದು ವರ್ಷದಲ್ಲಿ ತೆಗೆದ ಹೆಂಡತಿಯ ಪ್ರತಿ ಫೋಟೋದಲ್ಲೂ ಆ ಕೈ ಅದೇ ಜಾಗಕ್ಕೆ ಹೋಗಿ ಅದೇ ಕೆಲಸ ಮಾಡಿತ್ತು. ಗೋಡೆಯ ಮೇಲೆ ನಿಯಮದ ಹಾಳೆ ಇದ್ದದ್ದು ಊರವರಿಗೆ. ಅತ್ತಿಗೆ ಮನೆಯವರು. ಆದರೆ ಆ ಕ್ಷಣಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು.

"ಇಷ್ಟು ವರ್ಷ ಅಳಿಸಿದ್ರಲ್ಲ, ಒಂದ್ಸಲನಾದ್ರೂ ಅವರನ್ನ ಕೇಳಿದ್ರಾ?" ಎಂದೆ.

ಉತ್ತರ ಬಂದದ್ದು ಅತ್ತಿಗೆಯಿಂದ. "ಕೇಳಿದ್ರೆ ಬೇಡ ಅಂತಿರ್ಲಿಲ್ಲ. ಅವರಿಗೆ ಬೈಬೇಡ."

ಅವರು ಹೇಳಿದ್ದು ಇಷ್ಟು. ಆಗ ತಮಗೆ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ತಂಗಿಗೆ ಸ್ನಾನ ಮಾಡಿಸುತ್ತೇನೆ ಎಂದು ಅಕ್ಕ ಸ್ಟವ್ ಮೇಲಿನ ಬಿಸಿನೀರಿನ ಪಾತ್ರೆಗೆ ಕೈ ಹಾಕಿ, ಹಿಡಿ ಜಾರಿತ್ತು. ದೊಡ್ಡವರು ಅಕ್ಕನಿಗೆ ಹೊಡೆದದ್ದು ಒಂದು ದಿನ. ಅಕ್ಕ ತನಗೆ ತಾನೇ ಹೊಡೆದುಕೊಂಡದ್ದು ಆಮೇಲೆ ಎಲ್ಲ ದಿನವೂ. ಒಂದೇ ಹಾಸಿಗೆಯಲ್ಲಿ ಮಲಗಿದರೂ ತಂಗಿಯ ಬಲಗಡೆಗೇ ಮಲಗುತ್ತಿದ್ದಳಂತೆ, ಆ ಕೆನ್ನೆ ಕಾಣಬಾರದೆಂದು.

"ಮದುವೆ ಫೋಟೋ ನೋಡಿದಾಗ ನಂಗೆ ಕೋಪ ಬಂದಿತ್ತು. ಇವರು ಯಾರನ್ನ ಮದುವೆ ಆದ್ರು ಅನ್ನಿಸ್ತು. ಜಗಳ ಆಡ್ಬೇಕು ಅಂತಿದ್ದೆ. ಅಷ್ಟರಲ್ಲಿ ಅಕ್ಕನಿಗೆ ಕಳಿಸಿದ ಕಾಪಿಗೆ ಉತ್ತರ ಬಂತು. ಕಲೆ ಹೋಗಿದೆ ನೋಡು, ಇವತ್ತು ಹೊಟ್ಟೆತುಂಬ ಊಟ ಮಾಡಿದೆ ಅಂತ ಬರೆದಿದ್ಲು. ಆಮೇಲೆ ನಾನು ಏನಂತ ಜಗಳ ಆಡ್ಲಿ?"

ಓರೆ ಮಾಡಿದ ಮುಖ, ಬಲಗಡೆಗೆ ಹಿಡಿದ ಫೋನು ಎಲ್ಲ ನನಗೆ ಆಗ ಅರ್ಥವಾಯಿತು. ನಾಚಿಕೆಯೂ ಆಯಿತು.

ಅತ್ತಿಗೆ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಮುಂದುವರಿಸಿದರು. "ವೀಸಾ ಸಿಕ್ಕಿ ಹೋದೆ ಅಂದ್ಕೋ. ಎದುರಿಗೆ ನಿಂತ ಮೇಲೆ ಕಾಣದೆ ಇರುತ್ತಾ? ಕಣ್ಣು ಹೋಗೋ ಮುಂಚೆ ಅವಳು ಕಡೇದಾಗಿ ನೋಡೋದು ಇದನ್ನೇ ಆಗ್ಬಿಟ್ರೆ? ಫೈಲು ಮುಚ್ಚಿದ್ರೆ ಮುಚ್ಚಲಿ ಅನ್ಸುತ್ತೆ."

ಅಣ್ಣ ಆ ಫೋಟೋವನ್ನು ಮಧ್ಯಕ್ಕೆ ಮಡಚಿ ಜೇಬಿಗೆ ಹಾಕಿಕೊಂಡರು.

"ಅವಳು ಬಾ ಅಂತ ಕರೆದಿದ್ದು ನಿನ್ನನ್ನ. ನಾನು ತೆಗೆದ ಫೋಟೋನ ಅಲ್ಲ. ಫೋಟೋ ಅವಳ ಹತ್ರ ಬೇಕಾದಷ್ಟಿದೆ" ಎಂದು ಎದ್ದರು. "ಟೈಪಿಸ್ಟಮ್ಮ, ಪತ್ರ ಹೊಡಿ. ನಾನು ಹೇಳ್ತೀನಿ."

ಪತ್ರ ಹೇಳುವುದೆಂದರೆ ಅವರಿಗೆ ಗೊತ್ತಿಲ್ಲ. ಮೂವತ್ತೊಂದು ವರ್ಷದ ಸಂಸಾರದಿಂದ ಶುರು ಮಾಡಿದರು. ಅಧಿಕಾರಿಗೆ ನಿಮ್ಮ ಸಂಸಾರದ ಕಥೆ ಬೇಡ, ತಪ್ಪು ಯಾರದು ಅಂತಷ್ಟೇ ಬೇಕು ಎಂದು ನಾನು ಗದರಿದೆ. ಕೊನೆಗೆ ನಿಂತದ್ದು ನಾಲ್ಕು ಸಾಲು. ಎಡಗೆನ್ನೆಯ ಕಲೆ ಚಿಕ್ಕಂದಿನಲ್ಲಿ ಸುಟ್ಟು ಆದದ್ದು, ಈಗಲೂ ಇದೆ. ಚಿತ್ರದಿಂದ ಅದನ್ನು ತೆಗೆದವನು ಅರ್ಜಿದಾರಳ ಗಂಡನೂ ಸ್ಟುಡಿಯೋ ಮಾಲೀಕನೂ ಆದ ನಾನು. ಅವಳಿಗೆ ಇದರಲ್ಲಿ ಪಾಲಿಲ್ಲ. ತಪ್ಪು ನನ್ನದು. ಈ ಪತ್ರ ಒಳಗೆ ಹೋದರೆ ನಾಳೆಯಿಂದ ಈ ಸ್ಟುಡಿಯೋದ ಫೋಟೋಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡುತ್ತಾರೆ ಎಂದು ನಾನು ಎಚ್ಚರಿಸಿದೆ. "ನೋಡ್ಲಿ" ಎಂದು ಸಹಿ ಹಾಕಿ ಅಂಗಡಿಯ ಮೊಹರನ್ನೂ ಒತ್ತಿದರು.

ಹೊಸ ಫೋಟೋ ತೆಗೆಯುವಾಗ ನನ್ನನ್ನೂ ಒಳಗೆ ಕರೆದರು. ಅತ್ತಿಗೆ ಬಿಳಿ ಪರದೆಯ ಮುಂದೆ ಕೂತರು, ಮುಖ ತಾನಾಗಿ ಎಡಕ್ಕೆ ತಿರುಗಿ ಕಲೆಯನ್ನು ಮರೆಮಾಡಿತು. "ನೇರ ನೋಡು" ಎಂದರು ಅಣ್ಣ. ಮತ್ತೆ ತಿರುಗಿತು. ಮೂರನೇ ಸಲಕ್ಕೆ ಅವರೇ ಹೋಗಿ ಗಲ್ಲ ಹಿಡಿದು ನೇರ ಮಾಡಿ, ಕಲೆಯ ಮೇಲಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು. ಅಷ್ಟು ಹತ್ತಿರದಿಂದ ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತುಬಿಟ್ಟರು. ಆಮೇಲೆ ಕ್ಯಾಮೆರಾದ ಹಿಂದೆ ಬಂದು ಗುಂಡಿ ಒತ್ತಿದರು, ಅಲ್ಲಾಡಬೇಡ ಎನ್ನುವುದನ್ನೇ ಮರೆತರು. ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, "ನೀನೇ ಪ್ರಿಂಟ್ ಹಾಕು. ನಂಗೆ ಈ ಕೈ ಮೇಲೆ ನಂಬಿಕೆ ಇಲ್ಲ" ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು.

ಹದಿಮೂರಕ್ಕೆ ವೀಸಾ ಬಂತು, ಹದಿನಾರಕ್ಕೆ ಅತ್ತಿಗೆ ಹೊರಟರು. ತಲುಪಿದ ದಿನ ಫೋನ್ ಬಂತು. ಅಕ್ಕ ಬಾಗಿಲಲ್ಲೇ ನಿಲ್ಲಿಸಿಕೊಂಡು ಉಳಿದ ಒಂದು ಕಣ್ಣನ್ನು ಹತ್ತಿರ ತಂದು ನೋಡಿದಳಂತೆ. ಏನೂ ಕೇಳಲಿಲ್ಲವಂತೆ. ಇಬ್ಬರೂ ಅತ್ತರಂತೆ. ಅತ್ತಿಗೆ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೋಗೆಂದು ಕಳಿಸಿದ್ದು ತಪ್ಪಾಯಿತೇನೋ ಎಂದು ಅಣ್ಣ ಆರು ದಿನ ನೆಟ್ಟಗೆ ಊಟ ಮಾಡಲಿಲ್ಲ.

ಇಪ್ಪತ್ತಮೂರರ ಮಧ್ಯಾಹ್ನ ಅಣ್ಣನ ಫೋನಿಗೆ ವಿಡಿಯೋ ಕಾಲ್ ಬಂದಾಗ ಅವರು ನನ್ನ ಬೆಂಚಿನಲ್ಲೇ ಇದ್ದರು. ಅತ್ತಿಗೆ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಅಂಚಿಗೆ ಕೂತಿದ್ದರು. ಅಕ್ಕನ ಎರಡೂ ಕಣ್ಣಿಗೆ ಕಟ್ಟು ಹಾಕಿತ್ತು. ಕಣ್ಣು ಉಳಿಯಿತೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೇ ತಿಳಿಯಬೇಕು.

"ನರ್ಸುಗಳು ತಿನ್ನಿಸೋಕೆ ಬಂದ್ರೆ ಬಾಯಿ ತೆರೆಯಲ್ಲ" ಎಂದರು ಅತ್ತಿಗೆ, ಕೈಯಲ್ಲಿ ಬಟ್ಟಲು ಹಿಡಿದು. "ನಾನು ಮಾತಾಡಿದ್ರೂ ಸಾಲದು. ನೋಡಿ, ಏನ್ ಮಾಡ್ತಾಳೆ ಅಂತ."

ಪಕ್ಕದಿಂದ ಅಕ್ಕನ ಕೈ ಬಂತು. ತಡಕಾಡುತ್ತ ಭುಜ ಮುಟ್ಟಿತು, ಕತ್ತು ಮುಟ್ಟಿತು, ಎಡಗೆನ್ನೆಗೆ ಬಂದು ಆ ನೆರಿಗೆಗಳ ಮೇಲೆ ಬೆರಳಾಡಿಸಿ ಅಲ್ಲೇ ನಿಂತಿತು. ಆಮೇಲೆ ಅಕ್ಕ ಬಾಯಿ ತೆರೆದಳು.

ಅಲ್ಲಿ ಫೋನನ್ನು ನೀರಿನ ಜಗ್ಗಿಗೆ ಒರಗಿಸಿದ್ದರು. ಅತ್ತಿಗೆಯ ಮುಖ ನೇರವಾಗಿ ನಮ್ಮ ಕಡೆಗಿತ್ತು.

"ಅಲ್ಲಾಡಬೇಡಿ, ಇಬ್ಬರೂ" ಎಂದರು ಅಣ್ಣ. ನನ್ನ ಫೋನನ್ನು ಕಿತ್ತುಕೊಂಡು ತಮ್ಮ ಫೋನಿನ ಪರದೆಯ ಫೋಟೋ ತೆಗೆದರು. ಅಲ್ಲಾಡಿದ್ದು ಅವರೇ, ಚಿತ್ರ ಸ್ವಲ್ಪ ಮಸುಕಾಗಿ ಬಂದಿದೆ. ಅದನ್ನು ಹಾಗೇ ಪ್ರಿಂಟ್ ಹಾಕಿಸಿ ನಿಯಮದ ಹಾಳೆಯ ಪಕ್ಕದಲ್ಲಿ ತೂಗುಹಾಕಿದ್ದಾರೆ.